ಅಂಗಡಿಯ ನಕ್ಷತ್ರಗಳೂ ಗ್ರಾಹಕರ ದೂರುಗಳೂ

ಈ ಸ್ಮರಣ ಸಂಚಿಕೆಗೆ ಪಾಠರೂಪವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಶೀಲ, ಸೇವೆ, ಸ್ತ್ರೀವಿದ್ಯೆ ಮೊದಲಾದವುಗಳಲ್ಲಿ ಒಂದನ್ನು ನಾವು ಆರಿಸಿಕೊಳ್ಳುವೆವೆಂದು ಅವರು ಎಣಿಸಿದ್ದಿರಬಹುದು. ಆ ವಿಷಯಗಳನ್ನು ಕುರಿತು ಹಿಂದಿನ ಸಂಚಿಕೆಗಳಲ್ಲಿ ನಮಗಿಂತ ಬಲ್ಲವರು ಬರೆದಿರುತ್ತಾರೆ. ಈ ವರ್ಷ ನಮ್ಮ ವಸತಿಗೃಹದ ಅಡಿಗೆಮನೆಯಲ್ಲಿ ನಡೆದ ಒಂದು ಸಂಗತಿಯು ಬೇರೊಂದು ಪಾಠದ ಅವಶ್ಯಕತೆಯನ್ನು ನಮಗೆ ತೋರಿಸಿಕೊಟ್ಟಿತು. ಆದಕಾರಣ ಅದನ್ನೇ ಬರೆಯುತ್ತೇವೆ.

ವಸತಿಗೃಹದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಡಿಗೆ ಮಾಡಿಕೊಂಡಿರುವ ತಾಯಿಯೊಬ್ಬರು ತಮ್ಮ ಮನೆಗೆಂದು ಒಂದು ಮಿಕ್ಸಿಯನ್ನು ಫೋನಿನ ಮೂಲಕ ತರಿಸಿಕೊಂಡರು. ಅದಕ್ಕೆ ಐದರಲ್ಲಿ ನಾಲ್ಕೂವರೆ ನಕ್ಷತ್ರಗಳು ಬಿದ್ದಿದ್ದವು. ಎರಡು ತಿಂಗಳೊಳಗಾಗಿ ಜಾರಿನ ತಳ ಬಿರಿದು ಸೋರತೊಡಗಿತು. ಮಾರಿದವರನ್ನು ಕೇಳಿದರೆ, ಹತ್ತು ದಿನ ಕಳೆದ ಮೇಲೆ ತಮಗೆ ಸಂಬಂಧವಿಲ್ಲವೆಂದರು. ಆಗ ಆ ತಾಯಿಯು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದು, "ಮಗಳೇ, ಕಂಪೆನಿಯವರ ನಂಬರು ಹುಡುಕಿಕೊಡು" ಎಂದು ಫೋನನ್ನು ಕೈಗೆ ಕೊಟ್ಟರು. ಹುಡುಗಿಯು ಹುಡುಕಿ, ಎಲ್ಲಕ್ಕಿಂತ ಮೇಲೆ ಕಂಡ ಸಂಖ್ಯೆಯನ್ನು ಓದಿ ಹೇಳಿದಳು. ಆ ಕಡೆಯವನು ಬಹು ಮರ್ಯಾದೆಯಿಂದ ಮಾತನಾಡಿದನು. ಹಣವನ್ನೇ ಹಿಂದಕ್ಕೆ ಕೊಡುತ್ತೇವೆಂದನು. ಫೋನಿಗೆ ಏನನ್ನೋ ಇಳಿಸಿಕೊಳ್ಳುವಂತೆ ಹೇಳಿ, ಖಾತೆ ಸರಿಯಾಗಿದೆಯೋ ಇಲ್ಲವೋ ನೋಡುವುದಕ್ಕಾಗಿ ಎರಡು ರೂಪಾಯಿ ಕಳುಹಿಸಿರೆಂದನು. ಕಾಲು ಗಂಟೆಯೊಳಗೆ ಖಾತೆಯಿಂದ ೨೩,೪೦೦ ರೂಪಾಯಿಗಳು ಹೊರಟುಹೋದವು. ಮಳೆಗಾಲಕ್ಕೆ ಮುಂಚೆ ಮನೆಗೆ ಹೊಸ ಹೆಂಚು ಹೊದಿಸುವುದಕ್ಕೆಂದು ಕೂಡಿಟ್ಟ ಹಣ ಅದು. ನಾಚಿಕೆಯಿಂದ ಅವರು ಎರಡು ದಿನ ಯಾರಿಗೂ ಹೇಳಲಿಲ್ಲ. ಹುಡುಗಿಯು ಮೂರು ದಿನ ತರಗತಿಗೆ ಬರಲಿಲ್ಲ. ಕರೆಯಿಸಿ ಕೇಳಿದಾಗ, "ನಂಬರು ಓದಿದ್ದು ನಾನು, ಟೀಚರ್" ಎಂದಳು. ಈ ಹುಡುಗಿಗೆ ಚಕ್ರಬಡ್ಡಿಯ ಲೆಕ್ಕವನ್ನು ಕಲಿಸಿದವರು ನಾವೇ. ಈ ಲೆಕ್ಕವನ್ನು ಕಲಿಸಿರಲಿಲ್ಲ.

ಈ ಸಂಗತಿಯಲ್ಲಿ ನಂಬಿಕೆಯು ಎರಡು ಸಾರಿ ಮೋಸಹೋಯಿತು: ಕೊಳ್ಳುವಾಗ ನಕ್ಷತ್ರಗಳನ್ನು ನಂಬಿದ್ದು ಒಂದು, ದೂರು ಹೇಳುವಾಗ ಸಿಕ್ಕಿದ ಸಂಖ್ಯೆಯನ್ನು ನಂಬಿದ್ದು ಇನ್ನೊಂದು. ಹಾಗೆಂದು ಏನನ್ನೂ ನಂಬದೆ ಮನುಷ್ಯರು ಸಂಸಾರ ನಡೆಯಿಸುವುದು ಅಸಾಧ್ಯ. ನಮ್ಮ ಅಜ್ಜಿಯರು ಅಂಗಡಿಯವನ ತಂದೆಯನ್ನೂ ತಾತನನ್ನೂ ಬಲ್ಲವರಾಗಿದ್ದರು. ನಾವು ವಸ್ತುವನ್ನು ಕೊಳ್ಳುವುದು ಮುಖ ಕಾಣದವರಿಂದ. ಆದುದರಿಂದ ಪರರ ಮಾತನ್ನು ಕೇಳಲೇಬೇಕಾಗಿದೆ. ಯಾರ ಮಾತನ್ನು, ಎಷ್ಟರ ಮಟ್ಟಿಗೆ ಕೇಳತಕ್ಕದ್ದೆಂಬುದೇ ಇಲ್ಲಿಯ ವಿಚಾರ.

ಮೊದಲು ತಿಳಿಯತಕ್ಕದ್ದೇನೆಂದರೆ, ಎಲ್ಲ ನಕ್ಷತ್ರಗಳೂ ಒಂದೇ ಜಾತಿಯವಲ್ಲ. ಶೀತಪೆಟ್ಟಿಗೆಯ ಮೇಲೆ ಅಂಟಿಸಿರುವ ನಕ್ಷತ್ರಗಳು ಅಳತೆಯಿಂದ ಬಂದವು. ೨೦೦೧ರ ಶಾಸನದ ಮೇರೆಗೆ ೨೦೦೨ರಲ್ಲಿ ಸ್ಥಾಪಿತವಾದ ಇಂಧನ ದಕ್ಷತಾ ಬ್ಯೂರೋ ಎಂಬ ಸರಕಾರಿ ಸಂಸ್ಥೆಯು ೨೦೦೬ರಿಂದ ಈ ಪದ್ಧತಿಯನ್ನು ನಡೆಯಿಸುತ್ತಿದೆ. ಗೊತ್ತಾದ ರೀತಿಯಲ್ಲಿ ಪರೀಕ್ಷೆ ಮಾಡಿ, ವಿದ್ಯುತ್ತು ಎಷ್ಟು ಖರ್ಚಾಗುತ್ತದೆಂಬುದರ ಮೇಲೆ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುತ್ತಾರೆ. ಅದು ಹೇಳುವುದು ಅಷ್ಟು ಮಾತ್ರ. ಪೆಟ್ಟಿಗೆ ಎಷ್ಟು ವರ್ಷ ಬಾಳುತ್ತದೆ, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಎಂಬುದನ್ನು ಹೇಳುವುದಿಲ್ಲ. ಅಳತೆಯನ್ನು ಆಗಾಗ್ಗೆ ಬಿಗಿ ಮಾಡುವುದರಿಂದ, ಚೀಟಿಯ ಮೇಲಿನ ವರ್ಷವನ್ನೂ ನೋಡಬೇಕು; ಹಳೆಯ ವರ್ಷದ ಐದು ನಕ್ಷತ್ರಗಳು ಹೊಸ ವರ್ಷದ ಲೆಕ್ಕದಲ್ಲಿ ಐದಾಗಿ ಉಳಿಯದೆ ಹೋಗಬಹುದು. ಹಾಗೆಯೇ ಚಿನ್ನದ ಹಾಲ್‌ಮಾರ್ಕು. ೨೦೨೩ರ ಏಪ್ರಿಲ್ ೧ರಿಂದ ಹಾಲ್‌ಮಾರ್ಕಿನ ಆಭರಣದ ಮೇಲೆ ಅಕ್ಷರವೂ ಅಂಕಿಯೂ ಕೂಡಿದ ಆರು ಗುರುತುಗಳ ಸಂಖ್ಯೆ ಇರಲೇಬೇಕು. ಭಾರತೀಯ ಮಾನಕ ಬ್ಯೂರೋದ ಫೋನಿನ ಸಾಧನದಲ್ಲಿ ಅದನ್ನು ಒತ್ತಿ ನಿಜವೋ ಸುಳ್ಳೋ ನೋಡಬಹುದು. ಆದರೆ ಅದು ಚಿನ್ನದ ಶುದ್ಧತೆಗೆ ಸಾಕ್ಷಿಯೇ ಹೊರತು, ಅಕ್ಕಸಾಲಿಗನು ಕೇಳುವ ಮಜೂರಿಯ ನ್ಯಾಯಕ್ಕೆ ಸಾಕ್ಷಿಯಲ್ಲ. ತಿಂಡಿಯ ಪೊಟ್ಟಣದ ಮೇಲಿನ ಹದಿನಾಲ್ಕು ಅಂಕಿಗಳ ಲೈಸೆನ್ಸು ಸಂಖ್ಯೆಯಂತೂ ಹೊಗಳಿಕೆಯೇ ಅಲ್ಲ. ಶಾಲೆಯಲ್ಲಿ ಹೆಸರು ನೋಂದಾಯಿಸಿದ ಮಾತ್ರಕ್ಕೆ ಹುಡುಗಿ ಜಾಣೆಯೆಂದು ಹೇಳಿದಂತಾಗುವುದಿಲ್ಲವಷ್ಟೆ.

ಅಳತೆಯಿಂದ ಬಂದ ಗುರುತುಗಳನ್ನು, ಅವು ಅಳೆದ ವಿಷಯದ ಮಟ್ಟಿಗೆ ನಂಬಬಹುದು. ತೊಡಕು ಇರುವುದು ವರ್ತಕನ ಯೋಗ್ಯತೆಯನ್ನೇ ತೂಗಿ ದರ್ಜೆ ಕೊಡುವ ಸಂಸ್ಥೆಗಳಲ್ಲಿ. ಇವುಗಳ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಒಳ್ಳೆಯದು.

ಅಮೆರಿಕದ ನ್ಯೂಯಾರ್ಕಿನಲ್ಲಿ ಲೂಯಿಸ್ ಟಾಪ್ಪನ್ ಎಂಬೊಬ್ಬ ವರ್ತಕನಿದ್ದನು. ಅಣ್ಣನೊಡನೆ ರೇಷ್ಮೆಯ ವ್ಯಾಪಾರ ಮಾಡುತ್ತಿದ್ದವನು, ದೃಢಭಕ್ತನಾದ ಕ್ರೈಸ್ತನು, ಗುಲಾಮಗಿರಿಯನ್ನು ತೊಡೆದುಹಾಕಬೇಕೆಂದು ಹೋರಾಡಿ, ಆ ಕಾರಣದಿಂದ ದೊಂಬಿಯವರ ಕೈಯಲ್ಲಿ ಮನೆಯ ಸಾಮಾನುಗಳನ್ನು ಕಳೆದುಕೊಂಡವನು. ೧೮೩೭ರಲ್ಲಿ ಆ ದೇಶದ ವ್ಯಾಪಾರವೆಲ್ಲ ಕುಸಿದಾಗ, ಸಾಲ ಕೊಟ್ಟ ಹಣ ಬಾರದೆ ಅವರ ಅಂಗಡಿಯೂ ನಿಂತಿತು. ದೂರದ ಊರಿನ ವರ್ತಕರಲ್ಲಿ ಸಾಲಕ್ಕೆ ಯೋಗ್ಯರು ಯಾರು, ಅಯೋಗ್ಯರು ಯಾರು ಎಂದು ಮುಂಚಿತವಾಗಿ ತಿಳಿಯುವ ಉಪಾಯವಿದ್ದರೆ ಈ ನಷ್ಟವಾಗುತ್ತಿರಲಿಲ್ಲವೆಂದು ಯೋಚಿಸಿ, ಅವನು ೧೮೪೧ರಲ್ಲಿ ಮರ್ಕೆಂಟೈಲ್ ಏಜೆನ್ಸಿ ಎಂಬ ಸಂಸ್ಥೆಯನ್ನು ತೆರೆದನು. ಊರೂರಿನ ವಕೀಲರೇ ಮೊದಲಾದವರು ಅಲ್ಲಿಯ ವರ್ತಕರ ಆಸ್ತಿ, ಸಾಲ, ನಡತೆ ಇವುಗಳನ್ನು ಬರೆದು ಕಳುಹಿಸುತ್ತಿದ್ದರು. ಚಂದಾ ಕೊಟ್ಟವರು ಬಂದು ಕೇಳಿ ತಿಳಿದುಕೊಳ್ಳುತ್ತಿದ್ದರು. ಇದೇ ಮುಂದೆ ಬೆಳೆದು ೧೯೩೩ರಲ್ಲಿ ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಆಯಿತು.

ಈ ಪದ್ಧತಿಯಲ್ಲಿ ದೋಷಗಳಿಲ್ಲದಿರಲಿಲ್ಲ. ಯಾರನ್ನು ಕುರಿತು ಬರೆಯಲ್ಪಟ್ಟಿತೋ ಅವನಿಗೆ ಅದು ಕಾಣದು. ಊರಿನ ಗಾಳಿಮಾತೂ ಪುಸ್ತಕದೊಳಗೆ ಸೇರಿಬಿಡಬಹುದು. ಕೆಲವರು ನ್ಯಾಯಾಲಯಕ್ಕೂ ಹೋದರು. ಆದರೆ ಒಂದು ಗುಣವನ್ನು ಗಮನಿಸಬೇಕು: ಹಣ ಕೊಟ್ಟವನು ಸತ್ಯ ತಿಳಿಯಬೇಕಾಗಿದ್ದವನು. ತೂಗಲ್ಪಡುವವನು ತೂಗುವವನಿಗೆ ಕಾಸು ಕೊಡಲಿಲ್ಲ.

ರೈಲ್ವೆ ಸಾಲಪತ್ರಗಳಿಗೆ ಜಾನ್ ಮೂಡಿಯು ೧೯೦೯ರಲ್ಲಿ ಅಕ್ಷರಗಳ ದರ್ಜೆ ಕೊಡಲಾರಂಭಿಸಿದಾಗಲೂ ಹೀಗೆಯೇ ಇತ್ತು. ಅವನ ಪುಸ್ತಕವನ್ನು ಹಣ ತೊಡಗಿಸುವವರು ಕೊಂಡು ಓದುತ್ತಿದ್ದರು. ೧೯೭೦ರ ದಶಕದಲ್ಲಿ ಕ್ರಮವು ತಲೆಕೆಳಗಾಗಿ, ಸಾಲ ಎತ್ತುವ ಕಂಪೆನಿಯೇ ತನ್ನ ದರ್ಜೆಗೆ ಶುಲ್ಕ ತೆರುವ ರೂಢಿ ಬಂದಿತು. ೨೦೦೮ರಲ್ಲಿ ಅಮೆರಿಕದ ಮನೆಸಾಲಗಳ ಮೇಲಿನ ಪತ್ರಗಳು ಬಿದ್ದುಹೋದಾಗ, ಅವುಗಳಲ್ಲಿ ಎಷ್ಟೋ ಪತ್ರಗಳಿಗೆ ಅತ್ಯುತ್ತಮ ದರ್ಜೆ ಇದ್ದದ್ದು ಲೋಕಕ್ಕೆ ತಿಳಿಯಿತು. ನಮ್ಮ ದೇಶದಲ್ಲಿಯೂ ೨೦೧೮ರಲ್ಲಿ ಐ.ಎಲ್. ಅಂಡ್ ಎಫ್.ಎಸ್. ಎಂಬ ದೊಡ್ಡ ಸಂಸ್ಥೆಯು ಸಾಲ ತೀರಿಸಲಾರದೆ ಹೋಯಿತು. ಕೆಲವೇ ವಾರಗಳ ಹಿಂದೆ ಅದರ ಸಾಲಪತ್ರಗಳು ಮೇಲಿನ ದರ್ಜೆಯಲ್ಲಿದ್ದವು. ದರ್ಜೆ ಕೊಟ್ಟವರೆಲ್ಲರೂ ಸುಳ್ಳುಗಾರರೆಂದು ನಾವು ಹೇಳುವುದಿಲ್ಲ. ಆದರೆ ಉಪಾಧ್ಯಾಯಿನಿಯರಿಗೆ ಒಂದು ಮಾತು ಚೆನ್ನಾಗಿ ಅರ್ಥವಾಗುತ್ತದೆ. ಸಂಜೆಯ ಹೊತ್ತು ಹಣ ಕೊಟ್ಟು ಮನೆಪಾಠ ಹೇಳಿಸಿಕೊಳ್ಳುವ ಹುಡುಗಿಯ ಉತ್ತರಪತ್ರಿಕೆಯನ್ನು ಅದೇ ಉಪಾಧ್ಯಾಯಿನಿಯು ತಿದ್ದಕೂಡದೆಂಬ ನಿಯಮವನ್ನು ನಮ್ಮ ಶಾಲೆಯಲ್ಲಿ ಇಟ್ಟಿರುವುದು, ಆಕೆ ಅಪ್ರಾಮಾಣಿಕಳೆಂದಲ್ಲ. ಅರ್ಧ ಮಾರ್ಕಿನ ಸಂದೇಹ ಬಂದಾಗ ಕೈ ಯಾವ ಕಡೆಗೆ ಜಾರುತ್ತದೆಂಬುದನ್ನು ನಾವು ಬಲ್ಲೆವು.

ಸಾಮಾನ್ಯ ಗ್ರಾಹಕರಿಗೆ ಇನ್ನೂ ಹತ್ತಿರವಾದ ದೃಷ್ಟಾಂತವು ಅಮೆರಿಕದ ಬೆಟರ್ ಬಿಸಿನೆಸ್ ಬ್ಯೂರೋ. ಹೆಸರನ್ನು ಕೇಳಿದವರು ಇದನ್ನು ಸರಕಾರಿ ಕಚೇರಿಯೆಂದು ತಿಳಿಯುವುದುಂಟು, ಅದು ಹಾಗಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲ್ಲ ರೋಗಕ್ಕೂ ಒಂದೇ ಔಷಧವೆಂಬಂಥ ಜಾಹೀರಾತುಗಳು ಪತ್ರಿಕೆಗಳಲ್ಲಿ ತುಂಬಿ, ಜಾಹೀರಾತೆಂದರೇ ಸುಳ್ಳೆಂಬ ಹೆಸರು ಬಂದಿತ್ತು. ಕೋಕಾಕೋಲಾ ಕಂಪೆನಿಯ ಸ್ಯಾಮ್ಯುಯೆಲ್ ಡಾಬ್ಸ್ ಎಂಬಾತನು ೧೯೦೯ರಲ್ಲಿ ಜಾಹೀರಾತು ಸಂಘಗಳ ಒಕ್ಕೂಟಕ್ಕೆ ಅಧ್ಯಕ್ಷನಾಗಿ, ಜಾಹೀರಾತಿನಲ್ಲಿ ಸತ್ಯವಿರಬೇಕೆಂಬ ಚಳವಳಿಯನ್ನು ನಡೆಯಿಸಿದನು. ೧೯೧೨ರಲ್ಲಿ ಜಾಗೃತಿ ಸಮಿತಿಗಳು ಹುಟ್ಟಿದವು. ಅವೇ ಮುಂದೆ ಈ ಬ್ಯೂರೋಗಳಾದವು. ವರ್ತಕರು ತಮ್ಮವರನ್ನು ತಾವೇ ತಿದ್ದಿಕೊಳ್ಳುವುದಕ್ಕೆ ಮಾಡಿಕೊಂಡ ಏರ್ಪಾಡು. ಉದ್ದೇಶವು ಶ್ಲಾಘ್ಯವೇ. ಆದರೆ ಬ್ಯೂರೋದ ಖರ್ಚು ನಡೆಯುವುದು ಅದರ ಮಾನ್ಯತೆ ಪಡೆದ ವರ್ತಕರು ತೆರುವ ಹಣದಿಂದ.

೨೦೦೯ರಲ್ಲಿ ಬ್ಯೂರೋ ಶಾಲೆಯ ಮಾರ್ಕುಗಳಂತೆ ಎ ಪ್ಲಸ್‌ನಿಂದ ಎಫ್‌ವರೆಗೆ ದರ್ಜೆ ಕೊಡತೊಡಗಿತು. ಹಣ ತೆತ್ತು ಮಾನ್ಯತೆ ಪಡೆದವರಿಗೆ ಆ ಲೆಕ್ಕದಲ್ಲಿ ಕೆಲವು ಅಂಕಗಳು ಹೆಚ್ಚಾಗಿ ಸಿಗುತ್ತಿದ್ದವು. ಮರುವರ್ಷ ಲಾಸ್ ಏಂಜಲಿಸಿನಲ್ಲಿ ಕೆಲವರು ಒಂದು ಪರೀಕ್ಷೆ ಮಾಡಿದರು. ಪ್ಯಾಲೆಸ್ತೀನಿನ ಹಮಾಸ್ ಎಂಬ ಸಶಸ್ತ್ರ ಸಂಘಟನೆಯ ಹೆಸರಿನಲ್ಲಿ ಇಲ್ಲದ ವ್ಯಾಪಾರವೊಂದನ್ನು ಕಲ್ಪಿಸಿ, ೪೨೫ ಡಾಲರ್ ಕಟ್ಟಿದರು. ಅದಕ್ಕೆ ಎ ಮೈನಸ್ ದರ್ಜೆ ಬಂದಿತು! ೨೦೧೦ರ ನವೆಂಬರ್‌ನಲ್ಲಿ ಎ.ಬಿ.ಸಿ. ದೂರದರ್ಶನವು ಇದನ್ನು ಪ್ರಸಾರ ಮಾಡಿತು. ಸಣ್ಣ ವ್ಯಾಪಾರಗಾರರಿಬ್ಬರು ೩೯೫ ಡಾಲರ್ ಕಟ್ಟಿದೊಡನೆ ಅವರ ಮಧ್ಯಮ ದರ್ಜೆಯು ಎ ಪ್ಲಸ್ ಆದುದನ್ನೂ ತೋರಿಸಿತು. ಕನೆಕ್ಟಿಕಟ್ ರಾಜ್ಯದ ಅಟಾರ್ನಿ ಜನರಲ್ ರಿಚರ್ಡ್ ಬ್ಲೂಮೆಂಥಾಲ್ ಈ ಕ್ರಮವನ್ನು ನಿಲ್ಲಿಸಬೇಕೆಂದು ಆಗ್ರಹಪಡಿಸಿದನು. ಬ್ಯೂರೋ ಆ ಹೆಚ್ಚಿನ ಅಂಕಗಳನ್ನು ತೆಗೆದುಹಾಕಿತು. ೨೦೧೩ರಲ್ಲಿ ಲಾಸ್ ಏಂಜಲಿಸಿನ ಶಾಖೆಯನ್ನೇ ಸಂಘದಿಂದ ಹೊರಗೆ ಹಾಕಿತು.

ತಪ್ಪನ್ನು ತಿದ್ದಿಕೊಂಡದ್ದನ್ನು ಮೆಚ್ಚಬೇಕು. ಆದರೂ ಆ ದರ್ಜೆಯ ಅರ್ಥವೇನೆಂಬುದನ್ನು ಬಹಳ ಮಂದಿ ಓದುವುದಿಲ್ಲ. ಬ್ಯೂರೋದ ದರ್ಜೆಯು ಮುಖ್ಯವಾಗಿ ದೂರುಗಳು ಎಷ್ಟು ಬಂದವು, ವರ್ತಕನು ಅವುಗಳಿಗೆ ಉತ್ತರ ಕೊಟ್ಟನೋ ಇಲ್ಲವೋ ಎಂಬುದನ್ನು ನೋಡುತ್ತದೆ. ಗ್ರಾಹಕರು ಅದೇ ಪುಟದಲ್ಲಿ ಬರೆಯುವ ವಿಮರ್ಶೆಗಳನ್ನು ದರ್ಜೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಹೀಗಾಗಿ ಒಂದೇ ಪುಟದಲ್ಲಿ ಮೇಲೆ ಎ ಪ್ಲಸ್ ಇದ್ದು, ಕೆಳಗೆ ಗ್ರಾಹಕರು ಕೊಟ್ಟದ್ದು ಒಂದೇ ನಕ್ಷತ್ರವಾಗಿರುವುದು ಸಾಧ್ಯ. ಎರಡೂ ಸುಳ್ಳಲ್ಲ. ಕೇಳಿದ ಪ್ರಶ್ನೆಗಳು ಬೇರೆ. ನಿಮ್ಮಲ್ಲೊಬ್ಬಳು ಹಾಜರಿಗೆ ನೂರಕ್ಕೆ ನೂರು ತೆಗೆದು ಗಣಿತದಲ್ಲಿ ನಪಾಸಾಗುವುದಿಲ್ಲವೇ?

ಇನ್ನು ಮೂರನೆಯ ಜಾತಿಯ ನಕ್ಷತ್ರಗಳಿಗೆ ಬರೋಣ. ಇವುಗಳನ್ನು ಕೊಡುವವರು ಯಾವ ಸಂಸ್ಥೆಯವರೂ ಅಲ್ಲ, ನಾವೂ ನೀವೂ. ಅಡಿಗೆಯ ತಾಯಿ ನಂಬಿದ್ದು ಇವುಗಳನ್ನೇ.

ಇವುಗಳಿಗೆ ಇಷ್ಟು ಬೆಲೆ ಬಂದದ್ದೇಕೆಂದರೆ ಇವು ವ್ಯಾಪಾರವನ್ನು ಏರಿಸುತ್ತವೆ, ಇಳಿಸುತ್ತವೆ. ಹಾರ್ವರ್ಡಿನ ಮೈಕೆಲ್ ಲೂಕಾ ಎಂಬ ಪಂಡಿತನು ೨೦೧೧ರಲ್ಲಿ ಅಮೆರಿಕದ ಸಿಯಾಟಲ್ ಪಟ್ಟಣದ ಹೋಟೆಲುಗಳನ್ನು ಪರಿಶೋಧಿಸಿ, ಒಂದು ನಕ್ಷತ್ರ ಹೆಚ್ಚಿದರೆ ಆದಾಯವು ನೂರಕ್ಕೆ ಐದರಿಂದ ಒಂಬತ್ತರಷ್ಟು ಹೆಚ್ಚುತ್ತದೆಂದು ಕಂಡನು. ಲಾಭವಿರುವಲ್ಲಿ ಕಳ್ಳನಾಣ್ಯವೂ ಹುಟ್ಟುತ್ತದೆ. ಲಂಡನ್ನಿನ ಊಬಾ ಬಟ್ಲರ್ ಎಂಬ ಯುವಕನು ಹಿಂದೆ ಹಣಕ್ಕಾಗಿ ಹೋಟೆಲುಗಳ ಮೇಲೆ ಸುಳ್ಳು ವಿಮರ್ಶೆಗಳನ್ನು ಬರೆದವನು. ಇಲ್ಲದ ಹೋಟೆಲನ್ನೇ ಏಕೆ ಸೃಷ್ಟಿಸಬಾರದೆಂದು ೨೦೧೭ರಲ್ಲಿ ಅವನಿಗೆ ತೋರಿತು. ತಾನು ವಾಸಿಸುತ್ತಿದ್ದ ತೋಟದ ಕೊಟ್ಟಿಗೆಗೆ 'ದಿ ಶೆಡ್ ಅಟ್ ಡಲ್ವಿಚ್' ಎಂದು ಹೆಸರಿಟ್ಟು ಟ್ರಿಪ್ ಅಡ್ವೈಸರಿನಲ್ಲಿ ದಾಖಲು ಮಾಡಿದನು. ಭಕ್ಷ್ಯಗಳ ಚಿತ್ರಗಳು ಬೇಕಷ್ಟೆ. ಕ್ಷೌರದ ನೊರೆಯನ್ನು ಕೆನೆಯಂತೆ ಹಚ್ಚಿ ಚಿತ್ರ ತೆಗೆದನು. ಗೆಳೆಯರು ವಿಮರ್ಶೆ ಬರೆದರು. ಊಟಕ್ಕೆಂದು ಫೋನು ಮಾಡಿದವರಿಗೆಲ್ಲ ಸ್ಥಳವಿಲ್ಲವೆಂದು ಹೇಳಿದಷ್ಟೂ ಕೇಳುವವರು ಹೆಚ್ಚಿದರು. ಲಂಡನ್ನಿನ ಹದಿನೆಂಟು ಸಾವಿರಕ್ಕೆ ಮಿಕ್ಕಿದ ಹೋಟೆಲುಗಳಲ್ಲಿ ಕಡೆಯದಾಗಿ ಸೇರಿದ ಈ ಕೊಟ್ಟಿಗೆಯು ನವೆಂಬರ್ ೧ನೆಯ ತಾರೀಖಿನ ಹೊತ್ತಿಗೆ ಒಂದನೆಯದಾಯಿತು. ಒಬ್ಬನೂ ಅಲ್ಲಿ ಒಂದು ತುತ್ತು ಉಂಡಿರಲಿಲ್ಲ. ಕಡೆಗೆ ಒಂದು ರಾತ್ರಿ ಅವನು ಕೆಲವರನ್ನು ಕರೆದು, ಪೇಟೆಯಲ್ಲಿ ಸಿಗುವ ಅಗ್ಗದ ಸಿದ್ಧಾಹಾರವನ್ನು ಬಿಸಿಮಾಡಿ ಬಡಿಸಿದಾಗ, ಮತ್ತೆ ಬರಬಹುದೇ ಎಂದು ಕೇಳಿದವರೂ ಇದ್ದರಂತೆ.

ಈ ಕಥೆಯನ್ನು ಹತ್ತನೆಯ ತರಗತಿಯಲ್ಲಿ ಹೇಳಿದಾಗ ಹುಡುಗಿಯರು ಬಹಳ ನಕ್ಕರು. ನಕ್ಕು ಮುಗಿದ ಮೇಲೆ, ನಿಮ್ಮಲ್ಲಿ ಯಾರಾದರೂ ಬಳಸದ ವಸ್ತುವಿಗೆ ಐದು ನಕ್ಷತ್ರಗಳನ್ನು ಕೊಟ್ಟಿದ್ದೀರಾ ಎಂದು ಕೇಳಿದೆವು. ಮೊದಲು ಒಂದು ಕೈ ಎದ್ದಿತು, ಆಮೇಲೆ ಹದಿನಾಲ್ಕು. ಊರಿನ ಒಂದು ಅಂಗಡಿಯಲ್ಲಿ ಐದು ನಕ್ಷತ್ರಗಳನ್ನು ಒತ್ತಿ ತೋರಿಸಿದರೆ ಬೆಲೆಯಲ್ಲಿ ನೂರಕ್ಕೆ ಹತ್ತು ಇಳಿಸುತ್ತಾರಂತೆ. ಪೊಟ್ಟಣದೊಳಗೆ ಕೂಪನ್ನು ಇಟ್ಟು ಕಳುಹಿಸುವವರೂ ಇದ್ದಾರಂತೆ. "ಎಲ್ಲರೂ ಕೊಡುತ್ತಾರೆ, ಟೀಚರ್, ಅದರಿಂದ ಯಾರಿಗೂ ನಷ್ಟವಿಲ್ಲ" ಎಂದಳು ಒಬ್ಬಳು. ನಾವು ಅಡಿಗೆಮನೆಯ ಕಡೆಗೆ ನೋಡಿದೆವು. ಅವಳು ತಲೆ ತಗ್ಗಿಸಿದಳು. ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿಯನ್ನು ಕುರಿತದ್ದು ಯಾವುದೆಂದು ಕೇಳಿದರೆ ಈ ಶಾಲೆಯಲ್ಲಿ ಉತ್ತರ ಹೇಳಲಾರದ ಹುಡುಗಿಯಿಲ್ಲ. ಆದರೆ ಆ ಸಾಕ್ಷಿಯೆಂದರೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಹೇಳುವುದೆಂದೇ ಅವರು ತಿಳಿದಿದ್ದರು. ಹಾಗೆ ತಿಳಿಯುವಂತೆ ಕಲಿಸಿದವರೂ ನಾವೇ.

ಇಲ್ಲಿ ನಮ್ಮ ವಿಷಯವನ್ನೂ ಮರೆಮಾಚದೆ ಹೇಳಬೇಕು. ಭೂಪಟದಲ್ಲಿ ನಮ್ಮ ಶಾಲೆಗೂ ನಕ್ಷತ್ರಗಳುಂಟು. ಬೆಳಿಗ್ಗೆ ಒಂಬತ್ತೂಕಾಲಿಗೆ ಗೇಟು ಮುಚ್ಚುತ್ತಾರೆಂದು ಒಬ್ಬರು ಒಂದು ನಕ್ಷತ್ರ ಕೊಟ್ಟಿದ್ದಾರೆ. ಮರದ ನೆರಳಿನಲ್ಲಿ ಸ್ಕೂಟರು ನಿಲ್ಲಿಸಲು ಅನುಕೂಲವಾಗಿದೆಯೆಂದು ಇನ್ನೊಬ್ಬರು ಐದು ಕೊಟ್ಟಿದ್ದಾರೆ. ಹುಡುಗಿಯರು ಏನು ಕಲಿಯುತ್ತಾರೆಂಬುದರ ವಿಷಯವಾಗಿ ಅಕ್ಷರವೂ ಇಲ್ಲ. ಎರಡು ವರ್ಷಗಳಿಂದ ಎಂಟನೆಯ ತರಗತಿಗೆ ಸೇರುವವರು ಕಡಿಮೆಯಾಗುತ್ತಿದ್ದಾರೆ. ಪೋಷಕರೊಬ್ಬರು ಒಳ್ಳೆಯ ಮನಸ್ಸಿನಿಂದಲೇ, ಉಪಾಧ್ಯಾಯಿನಿಯರೂ ಅವರ ಮನೆಯವರೂ ಸೇರಿ ಐದೈದು ನಕ್ಷತ್ರಗಳನ್ನು ಕೊಟ್ಟರೆ ಒಂದೇ ದಿನದಲ್ಲಿ ಪಕ್ಕದ ಶಾಲೆಗಿಂತ ಮೇಲಾಗಬಹುದೆಂದು ಸಲಹೆ ಕೊಟ್ಟರು. ನಾವು ಆ ಕೂಡಲೆ ಬೇಡವೆನ್ನಲಿಲ್ಲ. ಒಂದು ರಾತ್ರಿಯೆಲ್ಲ ಯೋಚಿಸಿ, ಮರುದಿನ ಬೇಡವೆಂದೆವು. ಆ ರಾತ್ರಿಯ ಯೋಚನೆಯಿಂದ, ಅಂಗಡಿಯವರ ಮೇಲೆ ನಮಗಿದ್ದ ಕೋಪವು ಸ್ವಲ್ಪ ಇಳಿಯಿತು.

ಸರಕಾರಗಳು ಸುಮ್ಮನಿಲ್ಲ. ಭಾರತೀಯ ಮಾನಕ ಬ್ಯೂರೋ ೨೦೨೨ರ ನವೆಂಬರ್‌ನಲ್ಲಿ ಅಂತರ್ಜಾಲದ ವಿಮರ್ಶೆಗಳಿಗಾಗಿ ಐ.ಎಸ್. ೧೯೦೦೦ ಎಂಬ ಮಾನಕವನ್ನು ಪ್ರಕಟಿಸಿತು. ಪ್ರಕಟವಾದಾಗ ಅದನ್ನು ಪಾಲಿಸುವುದು ವರ್ತಕರ ಇಚ್ಛೆಗೆ ಬಿಡಲ್ಪಟ್ಟಿತ್ತು. ಅಮೆರಿಕದಲ್ಲಿ ಸುಳ್ಳು ವಿಮರ್ಶೆಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸುವ ನಿಯಮವು ೨೦೨೪ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿತು. ಆದರೆ ಕೊಳ್ಳುವ ಗಳಿಗೆಯಲ್ಲಿ ನಿಮ್ಮ ಬಳಿ ಇರುವುದು ನಿಮ್ಮ ಬುದ್ಧಿಯೇ.

ಆ ಬುದ್ಧಿಗೆ ಸರಾಸರಿಯ ಲೆಕ್ಕವು ಸಹಾಯ ಮಾಡುತ್ತದೆ. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಐದೈದು, ಒಬ್ಬನು ನಾಲ್ಕು ಕೊಟ್ಟರೆ ಸರಾಸರಿ ೪.೯. ಹನ್ನೆರಡನೆಯವನು ಒಂದು ಕೊಟ್ಟರೆ ಅದು ೪.೬ಕ್ಕೆ ಇಳಿಯುತ್ತದೆ. ಮೂರು ಸಾವಿರ ಮಂದಿಯಿಂದ ೪.೩ ಪಡೆದ ವಸ್ತುವಿಗೆ ಇನ್ನೊಬ್ಬನು ಒಂದು ಕೊಟ್ಟರೂ ೪.೩ ಅಲುಗುವುದಿಲ್ಲ. ಆದುದರಿಂದ ಸಂಖ್ಯೆಯನ್ನು ನೋಡದೆ ಸರಾಸರಿಯನ್ನು ನೋಡುವುದು ವ್ಯರ್ಥ. ಎಲ್ಲ ಹೊಗಳಿಕೆಯೂ ಒಂದೇ ವಾರದಲ್ಲಿ ಬಂದಿದ್ದರೆ, ಒಂದೇ ಮಾತುಗಳಲ್ಲಿ ಇದ್ದರೆ, ಸಂಶಯಪಡಿರಿ. ಐದನ್ನೂ ಒಂದನ್ನೂ ಬಿಟ್ಟು, ಎರಡು ಮೂರು ನಕ್ಷತ್ರ ಕೊಟ್ಟವರನ್ನು ಮೊದಲು ಓದಿರಿ; ಅವರು ಕೋಪದಲ್ಲಿಯೂ ಇರುವುದಿಲ್ಲ, ಕೂಪನ್ನಿನ ಆಸೆಯಲ್ಲಿಯೂ ಇರುವುದಿಲ್ಲ. ಆ ಮಿಕ್ಸಿಯ ಪುಟವನ್ನು ಆಮೇಲೆ ನಾವು ಹುಡುಗಿಯರೊಂದಿಗೆ ಕುಳಿತು ಓದಿದೆವು. ಜಾರಿನ ತಳ ಸೋರುವ ಮಾತು ಮೂರು ನಕ್ಷತ್ರದವರ ಬರಹದಲ್ಲಿ ಏಳು ಕಡೆ ಇತ್ತು. ಒಬ್ಬನ ಮಾತಿನ ಮೇಲೆ ತೀರ್ಮಾನಿಸದೆ ಇಬ್ಬರು ಮೂವರು ಸಾಕ್ಷಿಗಳನ್ನು ಕೇಳಬೇಕೆಂಬ ಮೋಶೆಯ ಕಟ್ಟಳೆಯು ಮಿಕ್ಸಿಗೂ ಸಲ್ಲುತ್ತದೆ.

ಇನ್ನು ದೂರಿನ ವಿಷಯ. ದೂರು ಕೇಳುವವರನ್ನು ಅವರ ಮಾತಿನ ಮಾಧುರ್ಯದಿಂದ ಅಳೆಯಬಾರದು. ಅವರಿಗೆ ಯಾವ ಅಧಿಕಾರವಿದೆ ಎಂಬುದರಿಂದ ಅಳೆಯಬೇಕು.

ಕಂಪೆನಿಯ ಸ್ವಂತ ದೂರುವಿಭಾಗಕ್ಕೆ ಮೊದಲು ಹೋಗತಕ್ಕದ್ದು ಸರಿಯೇ. ಅದರ ಸಂಖ್ಯೆಯನ್ನು ಬಿಲ್ಲಿನಿಂದ, ಪೆಟ್ಟಿಗೆಯ ಮೇಲಿನ ಅಚ್ಚಿನಿಂದ ಅಥವಾ ಕಂಪೆನಿಯ ಸ್ವಂತ ತಾಣದಿಂದ ತೆಗೆದುಕೊಳ್ಳಬೇಕು. ಹುಡುಕಿದಾಗ ಮೇಲೆ ಕಾಣುವ ಸಂಖ್ಯೆಯನ್ನು ಯಾರು ಬೇಕಾದರೂ ಅಲ್ಲಿ ಇಟ್ಟಿರಬಹುದು. ಇನ್ನೊಂದನ್ನು ಮರೆಯಬಾರದು: ಹಣ ಪಡೆಯುವವರು ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಒತ್ತಬೇಕಾದದ್ದು ಕೊಡುವುದಕ್ಕೆ. ಈ ಒಂದು ವಾಕ್ಯ ತಿಳಿದಿದ್ದರೆ ಹೆಂಚಿನ ಹಣ ಉಳಿಯುತ್ತಿತ್ತು.

ಎರಡನೆಯವರು ನಡುವೆ ನಿಂತು ದೂರನ್ನು ತಲುಪಿಸುವವರು. ಮೇಲೆ ಹೇಳಿದ ಅಮೆರಿಕದ ಬ್ಯೂರೋ ಮಾಡುವುದು ಇದನ್ನೇ; ದೂರನ್ನು ವರ್ತಕನಿಗೆ ಕಳುಹಿಸಿ ಉತ್ತರ ಕೇಳುತ್ತದೆ, ಆಜ್ಞೆ ಮಾಡಲಾರದು. ನಮ್ಮಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಸಂಖ್ಯೆ ೧೯೧೫. ಕನ್ನಡದಲ್ಲಿಯೂ ದೂರು ಹೇಳಬಹುದು. ಅದೂ ಕಂಪೆನಿಗೆ ತಲುಪಿಸಿ ಉತ್ತರ ತರಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಹೀಗೆಂದು ಅದನ್ನು ಅಲಕ್ಷ್ಯ ಮಾಡಬಾರದು. ಹೆಸರಿಗೆ ಅಂಜುವ ಕಂಪೆನಿಯ ವಿಷಯದಲ್ಲಿ ಇಷ್ಟೇ ಸಾಕಾಗುವುದುಂಟು. ಮಿಕ್ಸಿಯ ದೂರನ್ನು ನಾವು ಅಲ್ಲಿಯೇ ಕೊಟ್ಟೆವು. ಹತ್ತೊಂಬತ್ತು ದಿನಗಳಲ್ಲಿ ಹೊಸ ಜಾರು ಬಂದಿತು. ಬ್ಯಾಂಕಿನ ಮೇಲಿನ ದೂರಾದರೆ, ಮೊದಲು ಬ್ಯಾಂಕಿಗೆ ಬರೆದು, ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ಬರೆಯಬಹುದು.

ಮೂರನೆಯದು ಆಜ್ಞೆ ಮಾಡಬಲ್ಲದ್ದು. ೧೯೮೬ರ ಗ್ರಾಹಕ ಸಂರಕ್ಷಣಾ ಶಾಸನಕ್ಕೆ ಬದಲಾಗಿ ೨೦೧೯ರ ಶಾಸನವು ೨೦೨೦ರ ಜುಲೈ ೨೦ರಿಂದ ಜಾರಿಗೆ ಬಂದಿತು. ಅದರ ಮೇರೆಗೆ ದೂರುಗಾರ್ತಿಯು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ. ಐದು ಲಕ್ಷ ರೂಪಾಯಿಗಳವರೆಗಿನ ಖರೀದಿಗೆ ಶುಲ್ಕವಿಲ್ಲ; ವಕೀಲರು ಇರಲೇಬೇಕೆಂಬ ಕಟ್ಟಿಲ್ಲ; ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ಆಯೋ­ಗದ ಆಜ್ಞೆಯನ್ನು ಮೀರಿದವನಿಗೆ ಸೆರೆಮನೆ ಅಥವಾ ಜುಲ್ಮಾನೆ ಉಂಟು. ಸಹಾಯವಾಣಿಗೂ ಆಯೋಗಕ್ಕೂ ಇರುವ ಅಂತರವೆಲ್ಲ ಈ ವಾಕ್ಯದಲ್ಲಿದೆ. ಆದರೆ ಇದರಲ್ಲಿಯೂ ಅತಿಯಾದ ಆಶೆ ಇಟ್ಟುಕೊಳ್ಳಬಾರದು. ಪರೀಕ್ಷೆಗೆ ಕಳುಹಿಸಬೇಕಾಗಿಲ್ಲದ ವ್ಯಾಜ್ಯವನ್ನು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಶಾಸನ ಹೇಳುತ್ತದೆ. ನಡೆಯುವುದು ಅನೇಕ ವೇಳೆ ಬಹಳ ತಡವಾಗಿ. ಆಯೋಗಗಳಲ್ಲಿ ಸ್ಥಾನಗಳು ತೆರವಾಗಿಯೇ ಉಳಿದಿದ್ದುದರಿಂದ ೨೦೨೧ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆಗೆ ತೊಡಗಬೇಕಾಯಿತು. ಜಾರಿಗಾಗಿ ಅಲ್ಲಿಗೆ ಹೋಗಲಾಗದು. ಶೀತಪೆಟ್ಟಿಗೆಗಾಗಿ, ಮನೆ ಕಟ್ಟುವವನ ಮೋಸಕ್ಕಾಗಿ ಹೋಗಬಹುದು, ಹೋಗಬೇಕು.

ಈ ಮೂರರಲ್ಲಿ ಯಾವುದಕ್ಕೆ ಹೋದರೂ ಬಿಲ್ಲು, ತಾರೀಖು, ಕೆಟ್ಟ ವಸ್ತುವಿನ ಚಿತ್ರ, ಹಿಂದೆ ಬರೆದ ಕಾಗದದ ನಕಲು ಇವು ಬೇಕೇಬೇಕು. ಕನ್ನಡ ಪಾಠದಲ್ಲಿ ನಾವು ಹುಡುಗಿಯರಿಂದ ವರ್ಷವರ್ಷವೂ ರಜಾ ಅರ್ಜಿಯನ್ನೇ ಬರೆಯಿಸುತ್ತಿದ್ದೆವು. ಈ ವರ್ಷ ಕೆಟ್ಟ ಜಾರನ್ನು ಕುರಿತು ದೂರಿನ ಪತ್ರವನ್ನು ಬರೆಯಿಸಿದೆವು. ಬಹಳ ಪತ್ರಗಳಲ್ಲಿ ಕೋಪ ಹೇರಳವಾಗಿತ್ತು, ಕೊಂಡ ತಾರೀಖು ಇರಲಿಲ್ಲ. ಎರಡನೆಯ ಸಾರಿ ಬರೆಯಿಸಬೇಕಾಯಿತು.

ಮೋಸದಿಂದ ಹಣ ಹೋದರೆ ಮಾತ್ರ ಈ ಯಾವುದರ ಬಾಗಿಲಿಗೂ ಮೊದಲು ಹೋಗಬಾರದು. ಅದಕ್ಕೆ ಬೇರೆ ಸಂಖ್ಯೆ ಇದೆ, ೧೯೩೦. ಹಣವು ಕಳ್ಳನ ಖಾತೆಯಿಂದ ಹೊರಬೀಳುವುದರೊಳಗೆ ತಿಳಿಸಿದರೆ ತಡೆಹಿಡಿಯುವ ಸಂಭವವುಂಟು. ಇಲ್ಲಿ ಗಳಿಗೆಗಳೇ ಹಣ. ನಮ್ಮ ಅಡಿಗೆಯ ತಾಯಿ ನಾಚಿಕೆಯಿಂದ ಸುಮ್ಮನಿದ್ದ ಎರಡು ದಿನಗಳಲ್ಲಿ ಹಣ ಎಲ್ಲಿಗೋ ಹೋಗಿತ್ತು. ಮೂರನೆಯ ದಿನ ನಾವು ದೂರು ಕೊಟ್ಟೆವು, ಬ್ಯಾಂಕಿಗೂ ಬರೆದೆವು. ಈ ಲೇಖನವನ್ನು ಅಚ್ಚಿಗೆ ಕೊಡುವ ಹೊತ್ತಿನವರೆಗೆ ಒಂದು ರೂಪಾಯಿಯೂ ಹಿಂದಕ್ಕೆ ಬಂದಿಲ್ಲ. "ಓದು ಬಾರದವಳೆಂದು ನಗುತ್ತೀರೆಂದು ಹೇಳಲಿಲ್ಲ, ಅಮ್ಮಾ" ಎಂದರು ಅವರು. ಕಳೆದ ವರ್ಷ ಇದೇ ರೀತಿಯಲ್ಲಿ ಪದವೀಧರೆಯಾದ ನಮ್ಮ ಸಹೋದ್ಯೋಗಿನಿಯೊಬ್ಬರು ಇದಕ್ಕಿಂತ ಹೆಚ್ಚು ಹಣ ಕಳೆದುಕೊಂಡು ಯಾರಿಗೂ ಹೇಳದಿದ್ದುದನ್ನು, ಅವರ ಅಪ್ಪಣೆ ಪಡೆದು, ನಾವು ಆ ತಾಯಿಗೆ ತಿಳಿಸಿದೆವು. ಹೆಂಚಿಗಾಗಿ ಹಳೆಯ ವಿದ್ಯಾರ್ಥಿನಿಯರ ಸಂಘದವರು ಸಾಲವಾಗಿ ಸ್ವಲ್ಪ ಹಣ ಕೊಟ್ಟಿದ್ದಾರೆ. ದಾನವಾಗಿ ಕೊಟ್ಟರೆ ಬೇಡವೆಂದು ಅವರೇ ಹಟ ಹಿಡಿದರು.

ನಂಬರು ಓದಿದ ಹುಡುಗಿಯು ಈಗ ತರಗತಿಗೆ ಬರುತ್ತಿದ್ದಾಳೆ. ಹೋದ ವಾರ ಅವಳು ಒಂದು ರಟ್ಟಿನ ಮೇಲೆ ೧೯೩೦, ೧೯೧೫ ಎಂಬ ಎರಡು ಸಂಖ್ಯೆಗಳನ್ನು ದಪ್ಪವಾದ ಕನ್ನಡ ಅಂಕೆಗಳಲ್ಲಿ ಬರೆದು, ಯಾವುದು ಯಾವುದಕ್ಕೆಂದು ಕೆಳಗೆ ಚಿತ್ರ ಹಾಕಿ, ಅಡಿಗೆಮನೆಯ ಗೋಡೆಗೆ ತೂಗುಹಾಕಲು ತಂದಳು. ಅಡಿಗೆಯ ತಾಯಿ ಅದನ್ನು ನೋಡಿ, "ಚೆನ್ನಾಗಿದೆ ಮಗಳೇ, ಆದರೆ ಫೋನಿನ ಮೇಲೆ ಅಂಕೆ ಹೇಗಿದೆಯೋ ಹಾಗೆಯೇ ಬರೆ. ಒತ್ತುವವಳು ನಾನು" ಎಂದರು. ಹುಡುಗಿಯು ರಟ್ಟನ್ನು ತಿರುಗಿಸಿ ಹಿಂಬದಿಯಲ್ಲಿ ಇಂಗ್ಲಿಷ್ ಅಂಕೆಗಳಲ್ಲಿ ಬರೆದಳು.